ನಿಮಿಷಕ್ಕೆ 60 ಪದ: ಯಾವ ಪದ?

ಮಾನ್ಯ ಸಂಪಾದಕರೇ,

ಚಿಕ್ಕ ಮಕ್ಕಳಿಗೆ ಓದು-ಲೆಕ್ಕ ಕಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆ ಪ್ರಕಾರ ಮೂರನೇ ತರಗತಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥವಾಗುವಂತೆ ಓದಬೇಕು. ಗುರಿ ಬೇಕೇ ಬೇಕು. ಆದರೆ ಹಿಂದಿಯ 'ಘರ್ ಮೇ' ಎರಡು ಪದ, ನಮ್ಮ 'ಮನೆಯಲ್ಲಿ' ಒಂದೇ, 'ಮನೆಯಲ್ಲಿದ್ದವರಿಗೆಲ್ಲ' ಅನ್ನುವುದೂ ಒಂದೇ ಅಲ್ವಾ? 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ ಕನ್ನಡವೂ ಸೇರಿ 20 ಭಾಷೆಗಳಿಗೆ ಓದಿನ ಬೇರೆ ಬೇರೆ ಮಟ್ಟ ಗುರುತಿಸಿದರು. ಆದರೂ ನಮ್ಮ ಕಿವಿಗೆ ಬೀಳುವುದು ಆ 60 ಮಾತ್ರ.

ನಾನು ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಚಟುವಟಿಕೆ ಮೂಲಕ ಕಲಿಸುವ ನಲಿ-ಕಲಿ ಶಿಕ್ಷಕಿ. ಮೊನ್ನೆ ಒಂದು ನಿಮಿಷದ ಓದಿನ ಪರೀಕ್ಷೆಯಲ್ಲಿ ಒಬ್ಬ ಹುಡುಗ 'ಅಕ್ಕ', 'ಹಗ್ಗ' ಸಲೀಸಾಗಿ ಓದಿದ, 'ರಸ್ತೆ' ಬಂದಾಗ ಬೆರಳು ಅಲ್ಲೇ ನಿಂತಿತು, 'ರಸೆ' ಅಂದ, ಕೆಳಗಿನ ಒತ್ತನ್ನು ದಿಟ್ಟಿಸಿ ನೋಡಿ 'ರಸ್ತೆ' ಅಂತ ತಾನೇ ತಿದ್ದಿಕೊಂಡ, ಅಷ್ಟರಲ್ಲಿ ನಿಮಿಷ ಮುಗಿದಿತ್ತು. ಅವನಿಗೆ ವಿಜಾತಿ ಒತ್ತು ಇನ್ನೂ ಗಟ್ಟಿಯಾಗಿಲ್ಲ. ನಾಳೆ ಏನು ಕಲಿಸಬೇಕು ಅಂತ ನನಗೆ ತಿಳಿಸುವುದು ಅದೇ. ನಮೂನೆಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ, ಒಂದು ಅಂಕಿ ತುಂಬಿದರೆ ಮುಗಿಯಿತು.

ಶಿಕ್ಷಣ ಇಲಾಖೆಯವರೇ, ದಯವಿಟ್ಟು ಗುಣಿತ, ಸಜಾತಿ ಒತ್ತು, ವಿಜಾತಿ ಒತ್ತು ಬೇರೆ ಬೇರೆ ದಾಖಲಿಸಲು ಬಿಡಿ. ಮನೆಮಾತು ತುಳು, ಲಂಬಾಣಿ, ಉರ್ದು ಆಗಿರುವ ಮಕ್ಕಳು ಜಾಸ್ತಿ ಇದ್ದಾರೆ, ಅವರಿಗೆ ಆ ಕನ್ನಡ ಪದ ಕೇಳಿ ಗೊತ್ತೇ ಅಂತ ಮೊದಲು ಬಾಯಿಮಾತಲ್ಲಿ ವಿಚಾರಿಸಿ. ಫಲಿತಾಂಶವನ್ನು ಸುಮ್ನೆ ಮೇಲಕ್ಕೆ ಕಳಿಸದೆ ಅದೇ ವಾರ ತರಗತಿಗೆ ತಲುಪಿಸಿ.

– ಒಬ್ಬ ಶಿಕ್ಷಕಿ