ವಿಜಯಪುರದಲ್ಲಿ ಚಕ್ರ ಬಿಚ್ಚಿಕೊಟ್ಟ ಕಾಕಾಗೆ

ವಿಜಯಪುರದ ಹತ್ತಿರ ಶನಿವಾರ ಟೈಮ್ ಟ್ರಯಲ್ (ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುವುದು), ಭಾನುವಾರ ರೋಡ್ ರೇಸ್. ನಮ್ಮದು ಬೆಂಗಳೂರಿನ ಹವ್ಯಾಸಿ ಸೈಕ್ಲಿಂಗ್ ತಂಡ. ಶನಿವಾರದ ಬಗ್ಗೆ ಹೇಳುವಂಥದ್ದೇನಿಲ್ಲ, ಎದುರುಗಾಳಿ ಚೆನ್ನಾಗಿ ಬಡಿಯಿತು ಅಷ್ಟೇ.

ಭಾನುವಾರ ನಮ್ಮ ಹುಡುಗನೊಬ್ಬನ ಹಿಂದಿನ ಟೈರಿಗೆ ಜಾಲಿಮುಳ್ಳು ಚುಚ್ಚಿತು. ದೊಡ್ಡ ರೇಸುಗಳಲ್ಲಿ ಚಕ್ರ ಹೊತ್ತ ಗಾಡಿ ಹಿಂದೆಯೇ ಬರುತ್ತದೆ. ನಮ್ಮಂಥವರಿಗೆ ಅದೆಲ್ಲಿ? ಪಂಕ್ಚರ್ ಅಂಗಡಿಯ ಮಾಮೂಲಿ ಪಂಪು ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದೂ ಇಲ್ಲ. ಆಗ ನೀವು ಬಂದಿರಿ ಕಾಕಾ. ಸುಮ್ನೆ ರೇಸ್ ನೋಡಲು ನಿಂತಿದ್ದವರು, ನಿಮ್ಮದೇ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿದಿರಿ. ಎರಡೂ ಚಕ್ರಗಳಲ್ಲಿ 11 ಸ್ಪೀಡ್ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಗಾಲಿಗಳ ಗೊಂಚಲು) ಇದೆ ಅಂತ ಖಾತ್ರಿ ಮಾಡಿಕೊಂಡು, ಚಕ್ರ ಹಿಡಿದಿಡುವ ಕ್ವಿಕ್ ರಿಲೀಸ್ ಲಿವರ್ ಬಿಗಿ ಮಾಡಿ, ಬ್ರೇಕ್ ರಿಮ್ಮಿಗೆ ಉಜ್ಜುತ್ತದೆಯೇ ಎಂದು ತಿರುಗಿಸಿಯೂ ನೋಡಿದಿರಿ. ರೇಸ್ ಓಡಿಸಿ ಪಳಗಿದ ಕೈಯೇ ಇರಬೇಕು. ಆ ಕಡೆ ಸೈಕ್ಲಿಂಗ್ ಅಂದರೆ ಮನೆಮನೆಯ ಮಾತು, ಅಲ್ವಾ? ಹೆಸರು ಕೇಳಿದರೆ, "ಮೊದಲ ರೇಸ್ ಮುಗಸು ತಮ್ಮಾ, ಮಾತು ಆಮ್ಯಾಲೆ" ಅಂದಿರಿ.

ಅವನು ಕೊನೆಯ ಗುಂಪಿನಲ್ಲಿ ಮುಗಿಸಿದ. ನಾವು ಹುಡುಕಿ ಬರುವಷ್ಟರಲ್ಲಿ ನೀವು ನಮ್ಮ ಪಂಕ್ಚರ್ ಚಕ್ರವನ್ನೇ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ಹೋಗಿದ್ದಿರಂತೆ!

ತುಂಬಾ ಥ್ಯಾಂಕ್ಸ್ ಕಾಕಾ. ನಿಮ್ಮ ಚಕ್ರಕ್ಕೆ ಹೊಸ ಟೈರ್ ಹಾಕಿಸಿಟ್ಟಿದ್ದೇವೆ. ವಿಜಯಪುರದ ಯಾರಿಗಾದರೂ ಇವರ ಗುರುತು ಸಿಕ್ಕರೆ ದಯವಿಟ್ಟು ತಿಳಿಸಿ, ನಾವೇ ತಂದುಕೊಡುತ್ತೇವೆ.