ಊಟ ಆಯ್ತಾ ಅಂದಮೇಲೆ ಏನು ಕೇಳ್ತೀಯ?

ಪ್ರೀತಿಯ ಪುಟ್ಟಿ,

ಡೇಟಿಂಗ್ ಆಪ್‌ನಲ್ಲಿ ಹುಡುಗರ ಜೊತೆ ಮ್ಯಾಚ್ ಏನೋ ಆಗುತ್ತೆ, ಮಾತು ಮಾತ್ರ ಮುಂದಕ್ಕೆ ಹೋಗಲ್ಲ ಅಂತ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ. ಹಾಯ್, ಊಟ ಆಯ್ತಾ, ಎಲ್ಲಿ ಕೆಲಸ, ವೀಕೆಂಡ್ ಏನು ಪ್ಲಾನ್. ಅಷ್ಟಕ್ಕೇ ಮುಗೀತು. ಇದನ್ನು ನೀನು ನನ್ನ ಹತ್ತಿರ ಹೇಳಿಕೊಂಡೆ ಅನ್ನೋದೇ ನನಗೆ ದೊಡ್ಡ ಖುಷಿ. ಅವತ್ತಿನಿಂದ ಅದೇ ಯೋಚನೆ, ಅದಕ್ಕೇ ಬರೆಯುತ್ತಿದ್ದೇನೆ.

ಊಟ ಆಯ್ತಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ನಾವೆಲ್ಲ ಮಾತು ಶುರು ಮಾಡುವುದೇ ಹಾಗೆ. ಅವನು ‘ಆಯ್ತು’ ಅಂದಮೇಲೆ ನೀನು ಏನು ಕೇಳುತ್ತೀಯ ಅನ್ನುವುದು ಮುಖ್ಯ. ಏನು ಮಾಡಿದ್ರಿ? ಅಡುಗೆ ಯಾರದ್ದು? ರೂಮಿನಲ್ಲಿ ಮೂರು ಜನ ಇದ್ದರೆ ಪಾತ್ರೆ ತೊಳೆಯುವವರು ಯಾರು? ಇಷ್ಟರಲ್ಲಿ ಅವನ ದಿನ ಹೇಗೆ ನಡೆಯುತ್ತದೆ ಅಂತ ನಿನಗೆ ಕಾಣುತ್ತದೆ. ಅವನಿಗೂ ಇವಳು ಕೇಳಿಸಿಕೊಳ್ಳುತ್ತಾಳೆ ಅನ್ನಿಸುತ್ತದೆ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಸ್ಪೀಡ್ ಡೇಟಿಂಗ್‌ನ, ಅಂದರೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿ ಮುಂದಕ್ಕೆ ಹೋಗುವ ಭೇಟಿಗಳ, ಮಾತುಕತೆಗಳನ್ನು ಪರೀಕ್ಷಿಸಿದ್ದರು. ಎದುರಿನವರ ಉತ್ತರ ಹಿಡಿದೇ ಮುಂದಿನ ಪ್ರಶ್ನೆ ಕೇಳಿದವರನ್ನು ಮತ್ತೆ ಭೇಟಿಯಾಗಲು ಜನ ಜಾಸ್ತಿ ಒಪ್ಪಿದ್ದರಂತೆ. ನನಗೇನೂ ಆಶ್ಚರ್ಯ ಆಗಲಿಲ್ಲ.

ವಾರ್ಡಿನಲ್ಲಿ ನಾನು ಕಲಿತದ್ದು ಇನ್ನೊಂದಿದೆ. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’ ಅಂದರೆ ಎಲ್ಲರೂ ‘ಹೂಂ ಸಿಸ್ಟರ್’ ಅನ್ನುತ್ತಾರೆ. ‘ನಿನ್ನೆ ರಾತ್ರಿ ಯಾವ ಮಾತ್ರೆ ತಗೊಂಡ್ರಿ, ಎಷ್ಟು ಗಂಟೆಗೆ?’ ಅಂದರೆ ನಿಜ ಹೊರಗೆ ಬರುತ್ತದೆ. ಹುಡುಗರ ಹತ್ತಿರವೂ ಹೀಗೆಯೇ ಕೇಳು. ‘ಹೆಂಡತಿ ಕೆಲಸಕ್ಕೆ ಹೋದರೆ ನಿಮಗೆ ಓಕೆನಾ?’ ಅಂದರೆ ಬೇಡ ಅನ್ನುವವನು ಅಪರೂಪ. ‘ನೀವು ಚಿಕ್ಕವರಿದ್ದಾಗ ಮನೆಯಲ್ಲಿ ಯಾರು ಯಾವ ಕೆಲಸ ಮಾಡ್ತಿದ್ರು?’ ಅಂತ ಕೇಳಿ ನೋಡು. ‘ಸಿಟ್ಟು ಬರುತ್ತಾ?’ ಬೇಡ. ‘ಕೊನೇ ಸಲ ಸ್ನೇಹಿತನ ಜೊತೆ ಜಗಳ ಆದಾಗ ಹೇಗೆ ಸರಿಹೋಯ್ತು?’ ಅನ್ನು. ಅಭಿಪ್ರಾಯ ಹೇಳುವುದು ಸುಲಭ. ನಡೆದದ್ದನ್ನು ಹೇಳುವಾಗ ಮನುಷ್ಯ ತಾನಾಗಿಯೇ ತೆರೆದುಕೊಳ್ಳುತ್ತಾನೆ.

ಅವನು ಬರೆದದ್ದನ್ನು ಮೊದಲು ಓದು. ಹಿಂಜ್ ಆಪ್‌ನಲ್ಲಿ ಒಬ್ಬೊಬ್ಬರೂ ಮೂರು ಪ್ರಾಂಪ್ಟ್‌ಗೆ, ಅಂದರೆ ಆಪ್ ಕೊಡುವ ಪುಟ್ಟ ಪ್ರಶ್ನೆಗಳಿಗೆ, ಉತ್ತರ ಬರೆದಿರುತ್ತಾರೆ, ಆ ಉತ್ತರಕ್ಕೇ ಕಾಮೆಂಟ್ ಹಾಕಬಹುದು ಅಂತ ನೀನೇ ತೋರಿಸಿದ್ದೆ. ಕುಮಾರ ಪರ್ವತದ ಫೋಟೋ ಇದ್ದರೆ ‘ಟ್ರೆಕ್ಕಿಂಗ್ ಇಷ್ಟಾನಾ?’ ಅಂತ ಕೇಳಬೇಡ. ಫೋಟೋನೇ ಹೇಳುತ್ತಿದೆಯಲ್ಲ. ಕುಕ್ಕೆ ಕಡೆಯಿಂದ ಹತ್ತಿದ್ರಾ, ಸೋಮವಾರಪೇಟೆ ಕಡೆಯಿಂದಾನಾ? ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿದ್ರಾ? ನೀನೂ ಹತ್ತಿದವಳು, ಮಾತು ತಾನೇ ಬೆಳೆಯುತ್ತದೆ.

ಆದರೆ ಕೇಳುತ್ತಲೇ ಹೋಗಬೇಡ, ಅದು ಇಂಟರ್‌ವ್ಯೂ ಆಗಿಬಿಡುತ್ತದೆ. ಅವನು ಒಂದು ಹೇಳಿದರೆ ನಿನ್ನದೂ ಒಂದು ಹೇಳು. ಅಮೆರಿಕದ ಆರ್ಥರ್ ಆರನ್ ಅನ್ನುವ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1997ರಲ್ಲಿ 36 ಪ್ರಶ್ನೆಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಪರಿಚಯವೇ ಇಲ್ಲದ ಇಬ್ಬರು ಸುಮಾರು ಮುಕ್ಕಾಲು ಗಂಟೆ ಆ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಮೊದಲು ಹಗುರವಾದವು, ಬರುಬರುತ್ತಾ ಮನಸ್ಸಿಗೆ ಹತ್ತಿರದವು. ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರ ಕೊಡಬೇಕು. ನನಗೆ ಹಿಡಿಸಿದ್ದು ಅದೇ. ಮೊದಲ ದಿನವೇ ಹಳೇ ಸಂಬಂಧ ಯಾಕೆ ಮುರಿಯಿತು ಅಂತ ಕೆದಕುವುದು ಯಾರಿಗೂ ಹಿತ ಅಲ್ಲ. ಮದುವೆಯ ವಿಚಾರ ಬೇರೆ. ಮದುವೆ ಮನಸ್ಸಿನಲ್ಲಿದೆಯಾ ಇಲ್ಲವಾ ಅಂತ ಬೇಗ ಕೇಳು, ನಿನ್ನದನ್ನೂ ಹೇಳು. ಸಂಕೋಚಪಟ್ಟು ಆರು ತಿಂಗಳು ತಳ್ಳಬೇಡ.

ಅವನು ನಿನ್ನ ಬಗ್ಗೆ ಏನು ಕೇಳುತ್ತಾನೆ ಅಂತಲೂ ಗಮನಿಸು. ನನ್ನನ್ನು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಕೇಳಿದ್ದರು. ತಿರುಗಿ ಕೇಳುವ ಅವಕಾಶ ನನಗೆ ಇರಲಿಲ್ಲ. ನಿನಗಿದೆ. ಎರಡನೇ ಮೆಸೇಜಿಗೇ ‘ನೀವು ಯಾವ ಜನ?’ ಅನ್ನುವವನಿಗೆ ನಿನಗಿಂತ ಬೇರೇನೋ ಬೇಕಾಗಿದೆ. ದಿನಗಟ್ಟಲೆ ತನ್ನ ಬೈಕು, ತನ್ನ ಜಿಮ್ಮು ಅಂತಲೇ ಮಾತಾಡಿ ನಿನ್ನನ್ನು ಒಂದೂ ಕೇಳದವನ ಜೊತೆ ನೀನೊಬ್ಬಳೇ ಮಾತು ಎಳೆಯಬೇಡ. ಪಿಜಿ ಎಲ್ಲಿ, ರೂಮಿನಲ್ಲಿ ಒಬ್ಬಳೇ ಇರ್ತೀಯಾ ಅಂತ ಕೇಳಿದರೆ ಉತ್ತರ ಕೊಡಲೇಬೇಡ. ವಿಡಿಯೋ ಕಾಲ್‌ಗೆ ಬರದೆ ದುಡ್ಡು, ಹೂಡಿಕೆ ಅಂತ ಶುರು ಮಾಡಿದರೆ ಬ್ಲಾಕ್ ಮಾಡು. ದುಡ್ಡು ಹೋಗಿದ್ದರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಮಾತು ಚೆನ್ನಾಗಿ ನಡೆದರೆ ಚಾಟ್‌ನಲ್ಲೇ ತಿಂಗಳುಗಟ್ಟಲೆ ಉಳಿಯಬೇಡ. ಹಗಲು ಹೊತ್ತಿನಲ್ಲಿ, ಜನ ಇರುವ ಹೋಟೆಲಿನಲ್ಲಿ ಭೇಟಿ ಮಾಡು. ಲೈವ್ ಲೊಕೇಶನ್ ನನಗೆ ಕಳಿಸು. ಅಪ್ಪನಿಗೆ ಯಾವಾಗ ಹೇಳಬೇಕು ಅನ್ನುವುದನ್ನು ನೀನೇ ತೀರ್ಮಾನ ಮಾಡು, ಅಲ್ಲಿಯವರೆಗೂ ನಾನು ಬಾಯಿಬಿಡುವುದಿಲ್ಲ.

ನಿನ್ನ,
ಅಮ್ಮ