ಹಳೇ ಮನೆಯ ಕಿಟಕಿ ಕೀಳಿಸುವ ಮುಂಚೆ

ಮಾನ್ಯ ಸಂಪಾದಕರೇ,

ಹಳೆಯ ಮನೆಗಳಿಗೆ ಹೊಸ ಕಿಟಕಿ ಹಾಕಿಸುವ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಕಿಟಕಿ, ಕಪ್ಪು ಅಲ್ಯೂಮಿನಿಯಂ, ಪಕ್ಕಕ್ಕೆ ಸರಿಸುವ ಸ್ಲೈಡಿಂಗ್ ಹೀಗೆ ಎಲ್ಲದರ ಚಿತ್ರವೂ ಇತ್ತು. ಇರುವ ಮರದ ಕಿಟಕಿಯನ್ನೇ ರಿಪೇರಿ ಮಾಡಿಸಬಹುದು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅಂಥ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿದ್ದರೆ ನಮ್ಮ ಮುಂದಿನ ಕೋಣೆಯ ಕಿಟಕಿ ಉಳಿಯುತ್ತಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಬಸವನಗುಡಿಯಲ್ಲಿ, ನಮ್ಮ ಯಜಮಾನರ ತಾತ 1931ರಲ್ಲಿ ಕಟ್ಟಿಸಿದ ಮನೆ. ಸುಣ್ಣದ ಗಾರೆಯ ಗೋಡೆ, ತೇಗದ ಜಂತೆಗಳ ಮೇಲೆ ಇಟ್ಟಿಗೆ ಗಾರೆಯ ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ. ಒಟ್ಟು ಒಂಬತ್ತು ಕಿಟಕಿ. ಒಂದೊಂದೂ ಮೂರಡಿ ಅಗಲ, ಐದಡಿ ಎತ್ತರ. ಪ್ರತಿಯೊಂದಕ್ಕೂ ನಾಲ್ಕು ಕದ, ಕೆಳಗೆರಡು, ಮೇಲೆರಡು. ಬೀದಿ ಕಡೆಯ ಜೋಡಿ ಕಿಟಕಿಗಳ ನೆತ್ತಿಯ ಮೇಲೆ ಮರದ ಪಟ್ಟಿ ಹೊಡೆದ ಚೂಪು ಮಾಡು. ನಾವು ಬೆಂಗಳೂರಿನವರು ಅದನ್ನು ಮಂಕಿ ಟಾಪ್ ಅನ್ನುತ್ತೇವೆ. ಬಿಸಿಲನ್ನೂ ಎರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ.

ಆ ನಾಲ್ಕು ಕದಗಳ ಉಪಯೋಗ ಅದರ ಜೊತೆ ಬಾಳಿದವರಿಗೇ ಗೊತ್ತು. ಸ್ನಾನ ಮುಗಿಸಿ ಸೀರೆ ಉಡುವಾಗ ಕೆಳಗಿನೆರಡು ಮುಚ್ಚಿ ಮೇಲಿನೆರಡು ತೆಗೆದರೆ ಬೆಳಕೂ ಬರುತ್ತದೆ, ಗಾಳಿಯೂ ಬರುತ್ತದೆ, ಬೀದಿಯವರ ಕಣ್ಣು ಬೀಳುವುದಿಲ್ಲ. ಸಂಜೆ ನಮ್ಮತ್ತೆ ಕೆಳಗಿನ ಕದ ತೆರೆದು ಅಲ್ಲೇ ಕೂತಿರುತ್ತಿದ್ದರು. ಹೂವಿನವಳು ಬಂದರೆ ಎದ್ದು ಬಾಗಿಲಿಗೆ ಹೋಗುವ ಕೆಲಸವಿಲ್ಲ, ಕಂಬಿಯ ಸಂದಿನಲ್ಲೇ ಎರಡು ಮೊಳ ಮಲ್ಲಿಗೆ ಒಳಗೆ ಬರುತ್ತಿತ್ತು, ದುಡ್ಡು ಹೊರಗೆ ಹೋಗುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಮುಂದಿನ ಕೋಣೆಯ ಆ ಕಿಟಕಿಯ ಕದಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚಲು ಬಾರದಾದವು. ಗುತ್ತಿಗೆದಾರರೊಬ್ಬರು ಬಂದು ನೋಡಿ, ‘ಮೇಡಂ, ಪೂರ್ತಿ ಹಾಳಾಗಿದೆ, ತೆಗೆಸಿಬಿಡಿ’ ಅಂದರು. ನಾನು ಒಪ್ಪಿದೆ. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಚೌಕಟ್ಟು ಕಿತ್ತರು, ಗಾರೆ ಉದುರಿದ ಕಡೆ ಸಿಮೆಂಟ್ ಮೆತ್ತಿದರು, ಸಂದಿಗೆ ಫೋಮ್ ತುಂಬಿದರು. ಹೊಸ ಸ್ಲೈಡಿಂಗ್ ಕಿಟಕಿಯ ಎತ್ತರ ಸಾಲದೆಂದು ಮೇಲೆ ಒಂದಡಿ ಇಟ್ಟಿಗೆ ಕಟ್ಟಿ ಮುಚ್ಚಿದರು. ಹಳೆಯ ಕಿಟಕಿ, ಕಂಬಿ, ಹಿತ್ತಾಳೆ ಚಿಲಕ ಎಲ್ಲವೂ ಅವರ ಟೆಂಪೋದಲ್ಲೇ ಹೋದವು.

ಆ ಒಂದಡಿಯ ಬೆಲೆ ಮಾರ್ಚ್ ತಿಂಗಳಲ್ಲಿ ತಿಳಿಯಿತು. ಬಿಸಿಗಾಳಿ ಮೇಲಕ್ಕೇರಿ ಹೊರಹೋಗುತ್ತಿದ್ದ ದಾರಿ ಅದು. ಸ್ಲೈಡಿಂಗ್ ಆದ್ದರಿಂದ ಎಷ್ಟು ಎಳೆದರೂ ತೆರೆಯುವುದು ಅರ್ಧವೇ, ಉಳಿದ ಅರ್ಧವನ್ನು ದಪ್ಪ ಪಟ್ಟಿಗಳೂ ಗಾಜೂ ತಿನ್ನುತ್ತವೆ. ಫ್ಯಾನ್ ಇಲ್ಲದೆ ಎಷ್ಟೋ ಬೇಸಿಗೆ ಕಳೆದ ಕೋಣೆಯಲ್ಲಿ ಈಗ ಹಗಲು ಹೊತ್ತು ಕೂರಲು ಆಗುವುದಿಲ್ಲ. ಮಳೆ ಬಂದಾಗ ಕೆಳಗಿನ ಟ್ರ್ಯಾಕಿನಲ್ಲಿ ನೀರು ನಿಂತು ಒಳಗಿಳಿಯಿತು. ಗಾರೆಯ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಮೆತ್ತಿದ ಸಿಮೆಂಟ್ ಹಾಗೆ ಸುಲಭವಾಗಿ ಬಿಡುವುದಿಲ್ಲ. ತೇವವೆಲ್ಲ ಪಕ್ಕದ ಗಾರೆಗೆ ಹರಿದು, ಕಿಟಕಿಯ ಕೆಳಗೆ ಎರಡಡಿ ಗೋಡೆ ಹಪ್ಪಳದ ಹಾಗೆ ಎದ್ದಿತು. ಬೀದಿಯಲ್ಲಿ ನಿಂತು ನೋಡಿದರೆ ಜೋಡಿಯಲ್ಲಿ ಒಂದು ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ.

ಬಸವನಗುಡಿ, ಮಲ್ಲೇಶ್ವರ ಎರಡೂ ಬೆಳೆದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತದ್ದನ್ನು ಕಂಡು, ಗಾಳಿ ಬೆಳಕು ಬರುವ ಊರು ಬೇಕೆಂದು ಅಗಲದ ರಸ್ತೆ, ಮನೆಯ ಸುತ್ತ ಖಾಲಿ ಜಾಗ ಬಿಟ್ಟು ಬೆಳೆಸಿದ ಬಡಾವಣೆಗಳು. ಇಲ್ಲಿನ ಹಳೇ ಮನೆಗಳಲ್ಲಿ ಒಂದು ಕಿಟಕಿಯ ಎದುರಿಗೆ ಇನ್ನೊಂದು ಕಿಟಕಿ ಇರುತ್ತದೆ. ಆ ಅಳತೆ, ಆ ಜಾಗ ಸುಮ್ಮನೆ ಬಂದದ್ದಲ್ಲ. ಒಂದನ್ನು ಕುಗ್ಗಿಸಿದರೆ ಎದುರಿನದೂ ಕೆಲಸ ಮಾಡುವುದಿಲ್ಲ.

ಕಳೆದ ವರ್ಷ ಉಳಿದ ಎಂಟು ಕಿಟಕಿಗಳಿಗೆ ವಯಸ್ಸಾದ ಬಡಗಿ ಆಚಾರ್ರೊಬ್ಬರನ್ನು ಹುಡುಕಿ ಕರೆಸಿದೆ. ಅವರು ಮೊದಲು ಮಾಡಿದ್ದು ಇಷ್ಟೇ: ಸಣ್ಣ ಉಳಿಯ ಮೊನೆಯಿಂದ ಪ್ರತಿ ಕದವನ್ನೂ ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾ ಹೋದರು. ಕೆಳಗಿನ ಅಡ್ಡಪಟ್ಟಿಯಲ್ಲಿ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಲ್ಲಿಂದ ಎರಡು ಬೆರಳು ಮೇಲೆ ಟಕ್ಕೆಂದು ನಿಂತಿತು. ‘ಅಮ್ಮಾ, ಕೊಳೆತಿರೋದು ಇಷ್ಟೇ. ಮಿಕ್ಕಿದ್ದು ತೇಗ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ’ ಅಂದರು. ಮುಂದಿನ ಕೋಣೆಯ ಕಿಟಕಿಯೂ ಹೀಗೇ ಇದ್ದಿರಬೇಕು ಎಂದು ಆಗ ಹೊಟ್ಟೆ ಉರಿಯಿತು.

ಅವರು ಕೊಳೆತ ತುದಿಯನ್ನು ಓರೆಯಾಗಿ ಕೊಯ್ದು, ಹಳೆಯ ತೇಗದ ತುಂಡನ್ನೇ ಅದೇ ಓರೆಗೆ ಕೆತ್ತಿ ಕೂರಿಸಿ, ಮರದ ಗೂಟ ಹೊಡೆದರು. ಉಬ್ಬಿದ ಅಂಚನ್ನು ಹತ್ತರಿ ಹಿಡಿದು ಕೀಸಿದರು. ಬಣ್ಣ ಕೆರೆಯುವಾಗ ಕೆನೆ ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು, ಆಮೇಲೆ ಜೇನಿನ ಬಣ್ಣದ ಮರ. ಓದುಗರಿಗೆ ಒಂದು ಎಚ್ಚರಿಕೆ: ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣದ ಮೇಲೆ ಉಪ್ಪುಕಾಗದ ಉಜ್ಜಿಸಬೇಡಿ, ನೀರು ಹಚ್ಚಿ ಕೆರೆಸಿ, ಮಕ್ಕಳನ್ನು ದೂರ ಇಡಿ. ಕೊನೆಗೆ ಆಚಾರ್ರು ಮರಕ್ಕೆ ಅಗಸೆ ಎಣ್ಣೆ ಎರಡು ಸಲ ಕುಡಿಸಿದರು. ಎಂಟು ಕಿಟಕಿಗೆ ಹದಿನೇಳು ದಿನ ಹಿಡಿಯಿತು. ಈ ಮಳೆಗಾಲದಲ್ಲಿ ಎಲ್ಲವೂ ಒಂದೇ ಬೆರಳಿನಲ್ಲಿ ಮುಚ್ಚುತ್ತಿದ್ದವು.

ಯುಪಿವಿಸಿಯ ಮೇಲೆ ನನಗೆ ದ್ವೇಷವಿಲ್ಲ. ಮಗಳ ಫ್ಲಾಟು ಹನ್ನೊಂದನೇ ಮಹಡಿಯಲ್ಲಿದೆ, ಅಲ್ಲಿಯ ಗಾಳಿಮಳೆಗೆ ಅದೇ ಸರಿ. ಸೊಳ್ಳೆ, ಧೂಳು, ವಾಹನಗಳ ಗದ್ದಲ ನಮ್ಮನ್ನೂ ಬಿಟ್ಟಿಲ್ಲ. ಆದರೆ ಹಳೆಯ ಗೋಡೆ ಒಂದಡಿಗೂ ಹೆಚ್ಚು ದಪ್ಪ ಇರುತ್ತದೆ. ಮರದ ಕಿಟಕಿ ಹೊರ ಅಂಚಿನಲ್ಲಿದ್ದರೆ, ಒಳ ಅಂಚಿನಲ್ಲಿ ಮೆಶ್ ಬಡಿದ ತೆಳು ಕದವನ್ನೋ, ರಬ್ಬರ್ ಪಟ್ಟಿ ಹಾಕಿದ ಗಾಜಿನ ಕದವನ್ನೋ ಕೂರಿಸಲು ಬೇಕಾದಷ್ಟು ಜಾಗವಿದೆ. ರಸ್ತೆ ಕಡೆಯ ಮಲಗುವ ಕೋಣೆಗೆ ನಾವು ಗಾಜಿನದನ್ನೇ ಹಾಕಿಸಿದ್ದೇವೆ, ರಾತ್ರಿ ಹಾರನ್ ಸದ್ದು ನಿದ್ದೆ ಕೆಡಿಸುವುದಿಲ್ಲ.

ನಿಜವಾಗಿಯೂ ಕಿಟಕಿ ಪೂರ್ತಿ ಹೋಗಿದ್ದರೆ ಬದಲಿಸಲೇಬೇಕು. ಆಗಲೂ ಗೋಡೆಯಲ್ಲಿರುವ ಕಂಡಿಯನ್ನು ಒಂದಂಗುಲವೂ ಕುಗ್ಗಿಸಲು ಬಿಡಬೇಡಿ. ಹೊಸ ಕಿಟಕಿ ಆ ಕಂಡಿಯ ಅಳತೆಗೆ ಬರಬೇಕು. ನಾಲ್ಕು ಕದವಿದ್ದರೆ ನಾಲ್ಕೇ ಇರಲಿ, ಚೌಕಟ್ಟು ಹಿಂದೆ ಗೋಡೆಯೊಳಗೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಲಿ. ಮುಂದಕ್ಕೆ ತಂದರೆ ನೆರಳೂ ಹೋಗುತ್ತದೆ, ಮಳೆಯೂ ಹೊಡೆಯುತ್ತದೆ. ಸುತ್ತಲಿನ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ತೇಗ ಕೈಗೆಟುಕದಿದ್ದರೆ ಚೆನ್ನಾಗಿ ಒಣಗಿದ ಹೊನ್ನೆಯೋ ಮತ್ತಿಯೋ ಆದೀತು. ಕನ್ನಡಿಯಂತೆ ಹೊಳೆಯುವ ಗಾಜು ಮಾತ್ರ ದಯವಿಟ್ಟು ಬೇಡ.

ನಿಮ್ಮಲ್ಲಿ ನನ್ನ ಕೋರಿಕೆ ಒಂದು. ನಿಮ್ಮ ಪುರವಣಿಯಲ್ಲಿ ಈ ಕೆಲಸ ಬಲ್ಲ ಬಡಗಿಗಳ ಬಗ್ಗೆ ಬರೆಯಿಸಿ. ನಮ್ಮ ಆಚಾರ್ರ ಮಗ ಈ ಕಸುಬಿಗೆ ಬರಲಿಲ್ಲ. ಐಟಿಐಗಳಲ್ಲಿ ಬಡಗಿ ಕೆಲಸ ಕಲಿಯುವ ಹುಡುಗರಿಗೆ ಹಳೆಯ ಕಿಟಕಿ ರಿಪೇರಿಯನ್ನೂ ಕೈಹಿಡಿದು ಕಲಿಸಿದರೆ, ಇಲ್ಲಿನ ಒಂದೊಂದು ಬೀದಿಯಲ್ಲೂ ಅವರಿಗೆ ಕೆಲಸವಿದೆ.

ಮುಂದಿನ ಕೋಣೆಗೆ ಮತ್ತೆ ಮರದ ಕಿಟಕಿ ಮಾಡಿಸುತ್ತಿದ್ದೇನೆ. ಮರಕ್ಕಾಗಿ ಹಳೇ ಮರದ ಅಂಗಡಿಗೆ ಹೋದಾಗ, ಅಲ್ಲಿ ಸಾಲಾಗಿ ಒರಗಿಸಿದ್ದ ಕಿಟಕಿಗಳಲ್ಲಿ ನಮ್ಮದಿದೆಯೇ ಎಂದು ಒಂದು ಗಂಟೆ ಹುಡುಕಿದೆ. ಸಿಗಲಿಲ್ಲ. ಕೆಡವಿದ ಮನೆಯೊಂದರ ತೇಗದ ತೊಲೆ ತಂದಿದ್ದೇನೆ. ಆಚಾರ್ರು ಉಳಿದ ಜೋಡಿ ಕಿಟಕಿಯಿಂದ ಅಳತೆ ತೆಗೆದು ಪಟ್ಟಿಯ ಮೇಲೆ ಗುರುತು ಹಾಕಿಕೊಂಡು ಹೋಗಿದ್ದಾರೆ. ಯುಗಾದಿಯೊಳಗೆ ಕೂರಿಸಿಕೊಡುತ್ತಾರಂತೆ. ಕಂಬಿಗಳ ನಡುವೆ ಎಷ್ಟು ಸಂದು ಬಿಡಲಿ ಎಂದು ಕೇಳಿದರು. ಮೊಳ ಹೂವು ಹಿಡಿದ ಕೈ ಆಚೆಯಿಂದ ಈಚೆಗೆ ಬರುವಷ್ಟು ಬಿಡಿ ಎಂದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ಕಚೇರಿ ನೌಕರೆ
ಬಸವನಗುಡಿ, ಬೆಂಗಳೂರು